ದಂಡೆಯಿಂದ ಕಾಣದ ಮೀನನ್ನು ಎಣಿಸುವುದು ಹೇಗೆ?

ಪ್ರಶ್ನೆ: ನಾನು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಚಳಿಗಾಲದಲ್ಲಿ ಮಕ್ಕಳನ್ನು ಮಾಗಡಿ ಕೆರೆಗೆ ಕರೆದುಕೊಂಡು ಹೋಗಿ ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸುತ್ತೇವೆ. ಈ ಸಲ ತರಗತಿಯಲ್ಲಿ ಹವಳದ ದಿಬ್ಬಗಳ ಪಾಠ ಮಾಡುವಾಗ ‘ಶಾರ್ಕ್‌ಗಳು ಶೇ 70ರಷ್ಟು ಕಡಿಮೆಯಾಗಿವೆ’ ಎಂದು ಎಲ್ಲೋ ಓದಿದ್ದನ್ನು ಹೇಳಿದೆ. ಒಬ್ಬ ಹುಡುಗಿ ಎದ್ದು, ‘ಅಕ್ಕೋರೆ, ನೀರಿನೊಳಗಿನ ಮೀನನ್ನು ಎಣಿಸಿದವರು ಯಾರು?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಇನ್ನೊಂದು ಮಾತು. ಹುಬ್ಬಳ್ಳಿಯ ಮೀನು ಮಾರುಕಟ್ಟೆಯಲ್ಲಿ ಮೊಳದುದ್ದದ ಶಾರ್ಕ್ ಮರಿಗಳನ್ನು ಮಾರುವುದನ್ನು ನೋಡಿದ್ದೇನೆ. ಅದು ಕಾನೂನಿಗೆ ವಿರುದ್ಧವಲ್ಲವೇ? ನಮ್ಮಂಥ ಬಯಲುಸೀಮೆಯವರು ಇದರಲ್ಲಿ ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಅಕ್ಕೋರೆ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಉತ್ತರಗಳೆಲ್ಲ ಅದರ ಮೇಲೇ ನಿಂತಿವೆ. ಎಣಿಕೆ ಸರಿಯಿಲ್ಲದಿದ್ದರೆ ಯಾವ ಮೀನನ್ನು ಉಳಿಸಬೇಕು, ಎಲ್ಲಿ ಉಳಿಸಬೇಕು, ಉಳಿಸಲು ಪಟ್ಟ ಶ್ರಮಕ್ಕೆ ಫಲ ಸಿಕ್ಕಿತೋ ಇಲ್ಲವೋ, ಒಂದೂ ಗೊತ್ತಾಗುವುದಿಲ್ಲ.

ಮಾಗಡಿ ಕೆರೆಯಲ್ಲಿ ನಿಮಗೊಂದು ಅನುಕೂಲ ಇದೆ. ಏರಿಯ ಮೇಲೆ ದುರ್ಬೀನು ಹಿಡಿದು ನಿಂತರೆ ಇಡೀ ಹಿಂಡು ಕಣ್ಣೆದುರಿಗೇ ಇರುತ್ತದೆ. ಹವಳದ ದಿಬ್ಬದಲ್ಲಿ ನೀರು ಎಷ್ಟೇ ತಿಳಿಯಾಗಿದ್ದರೂ ಸ್ವಲ್ಪ ದೂರದಾಚೆಗೆ ಎಲ್ಲ ಮಸುಕು. ಮುಳುಗುಗಾರರು ಇಳಿದ ತಕ್ಷಣ ಕೆಲವು ಶಾರ್ಕ್‌ಗಳು ಕುತೂಹಲದಿಂದ ಹತ್ತಿರ ಬರುತ್ತವೆ. ಕೆಲವು ಗಾಳಿಗುಳ್ಳೆಗಳ ಸದ್ದಿಗೇ ದೂರ ಸರಿಯುತ್ತವೆ. ಬಂದದ್ದೇ ಸುತ್ತು ಹೊಡೆದು ಮತ್ತೆ ಬಂದರೆ ಒಂದನ್ನೇ ಐದು ಸಲ ಎಣಿಸುವ ಅಪಾಯ ಬೇರೆ. ಸಿಲಿಂಡರಿನ ಗಾಳಿ ಹೆಚ್ಚೆಂದರೆ ಒಂದು ತಾಸು ಬರುತ್ತದೆ. ಆಳಕ್ಕೆ ಹೋದಷ್ಟೂ ಬೇಗ ಮುಗಿಯುತ್ತದೆ. ತೊರಕೆಗಳಂತೂ, ಅಂದರೆ ಶಾರ್ಕ್‌ಗಳ ಬಳಗದ ಚಪ್ಪಟೆ ಮೈಯ ರೇ ಮೀನುಗಳು, ಮರಳಿನಲ್ಲಿ ಹೂತುಕೊಂಡು ಕಣ್ಣು ಮಾತ್ರ ಹೊರಗಿಟ್ಟು ಮಲಗಿರುತ್ತವೆ. ಮೇಲೆಯೇ ಈಜಿಕೊಂಡು ಹೋದರೂ ಗೊತ್ತಾಗುವುದಿಲ್ಲ.

ಅದಕ್ಕೆ ಮನುಷ್ಯರ ಬದಲು ಕ್ಯಾಮೆರಾ ಇಳಿಸುವ ಪದ್ಧತಿ ಬಂತು. ಒಂದು ಲೋಹದ ಚೌಕಟ್ಟು, ಅದರ ಮೇಲೆ ನೀರು ಹೋಗದ ಪೆಟ್ಟಿಗೆಯಲ್ಲಿ ಕ್ಯಾಮೆರಾ, ಕ್ಯಾಮೆರಾದ ಮುಂದೆ ಕೋಲಿನ ತುದಿಗೆ ಒಂದು ಜಾಲರಿ ಡಬ್ಬಿ. ಡಬ್ಬಿಯಲ್ಲಿ ಸುಮಾರು ಒಂದು ಕಿಲೋ ಜಜ್ಜಿದ, ಎಣ್ಣೆ ಜಾಸ್ತಿ ಇರುವ ಮೀನು. ಅದೇ ಎರೆ. ಇದನ್ನು ಹಗ್ಗ ಕಟ್ಟಿ ದಿಬ್ಬದ ತಳಕ್ಕೆ ಬಿಟ್ಟು, ಒಂದು ತಾಸೋ ಒಂದೂವರೆ ತಾಸೋ ಆದಮೇಲೆ ಎತ್ತುತ್ತಾರೆ. ಎರೆಯ ವಾಸನೆ ನೀರಿನ ಹರಿವಿನಲ್ಲಿ ಹೋಗುತ್ತದೆ, ಸುತ್ತಲಿನ ಶಾರ್ಕ್ ಮತ್ತು ತೊರಕೆಗಳು ನೋಡಲು ಬರುತ್ತವೆ. ಡಬ್ಬಿ ಗಟ್ಟಿಯಾಗಿರುವುದರಿಂದ ಸಾಮಾನ್ಯವಾಗಿ ತಿನ್ನಲು ಏನೂ ಸಿಗುವುದಿಲ್ಲ. ಮೂಸಿ ನೋಡಿ ಹೋಗುತ್ತವೆ. ಯಾವುದನ್ನೂ ಹಿಡಿಯುವ, ಗಾಯ ಮಾಡುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಬಂದದ್ದೇ ಮತ್ತೆ ಬಂದರೆ? ಇಲ್ಲಿದೆ ನೋಡಿ ಮಕ್ಕಳಿಗೆ ಹೇಳಲೇಬೇಕಾದ ಜಾಣತನ. ವಿಡಿಯೊ ನೋಡುವವರು ಎಷ್ಟು ಸಲ ಶಾರ್ಕ್ ಕಂಡಿತು ಎಂದು ಲೆಕ್ಕ ಹಾಕುವುದಿಲ್ಲ. ಒಂದೇ ಚಿತ್ರದಲ್ಲಿ, ಒಂದೇ ಕ್ಷಣದಲ್ಲಿ, ಆ ಜಾತಿಯವು ಅತಿ ಹೆಚ್ಚು ಎಷ್ಟು ಕಂಡವು ಎಂಬುದನ್ನು ಮಾತ್ರ ಬರೆದುಕೊಳ್ಳುತ್ತಾರೆ. ಒಂದೇ ಚಿತ್ರದಲ್ಲಿ ಮೂರು ಕಂಡರೆ ಮೂರು ಇದ್ದದ್ದು ಖಂಡಿತ. ನಿಜವಾಗಿ ಐದಿದ್ದಿರಬಹುದು. ಆದರೆ ಎರಡು ಇರಲು ಸಾಧ್ಯವೇ ಇಲ್ಲ. ಈ ಲೆಕ್ಕ ಕಡಿಮೆ ತೋರಿಸಬಹುದು, ಉಬ್ಬಿಸಿ ತೋರಿಸುವುದಿಲ್ಲ. ಎಲ್ಲ ಕಡೆಯೂ ಒಂದೇ ಅಳತೆಗೋಲು ಬಳಸಿದರೆ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಹೋಲಿಸಬಹುದು. ಸಂಶೋಧನೆಗೆ ಬೇಕಾದದ್ದು ಮುಖ್ಯವಾಗಿ ಅದೇ. ದಿಬ್ಬದಲ್ಲಿ ಒಟ್ಟು ಎಷ್ಟು ಶಾರ್ಕ್ ಇವೆ ಎಂಬ ಸಂಖ್ಯೆಗಿಂತ, ಇಲ್ಲಿ ಅಲ್ಲಿಗಿಂತ ಎಷ್ಟು ಕಡಿಮೆ, ಹೋದ ಸಲಕ್ಕಿಂತ ಎಷ್ಟು ಕಡಿಮೆ ಎಂಬುದು ಹೆಚ್ಚು ಕೆಲಸಕ್ಕೆ ಬರುತ್ತದೆ.

2015ರಲ್ಲಿ ಶುರುವಾದ ಗ್ಲೋಬಲ್ ಫಿನ್‌ಪ್ರಿಂಟ್ ಎಂಬ ಯೋಜನೆ ಇದೇ ಚೌಕಟ್ಟನ್ನು ಲೋಕದ ತುಂಬ ಇಳಿಸಿತು. 2020ರಲ್ಲಿ ಮೊದಲ ದೊಡ್ಡ ಫಲಿತಾಂಶ ಬಂತು. 58 ದೇಶ ಮತ್ತು ಪ್ರಾಂತ್ಯಗಳ 371 ದಿಬ್ಬಗಳು, ಹದಿನೈದು ಸಾವಿರ ತಾಸಿಗೂ ಹೆಚ್ಚು ವಿಡಿಯೊ. ಸುಮಾರು ಐದರಲ್ಲಿ ಒಂದು ದಿಬ್ಬದಲ್ಲಿ ಒಂದೇ ಒಂದು ಶಾರ್ಕ್ ಕೂಡ ಕಾಣಲಿಲ್ಲ. ಕೆನ್ಯಾ, ವಿಯೆಟ್ನಾಂ, ಕತಾರ್, ಡೊಮಿನಿಕನ್ ರಿಪಬ್ಲಿಕ್ ಸೇರಿ ಆರು ಕಡೆಗಳ ವಿಡಿಯೊಗಳನ್ನು ಒಟ್ಟು ಮಾಡಿದರೆ ಎಂಟುನೂರು ತಾಸಿಗೂ ಜಾಸ್ತಿ ಆಗುತ್ತದೆ. ಅಷ್ಟರಲ್ಲೂ ಸಿಕ್ಕ ಶಾರ್ಕ್‌ಗಳು ಮೂರೇ ಮೂರು. ಆ ವಿಡಿಯೊಗಳನ್ನು ನೋಡಿದವರನ್ನು ನೆನೆಸಿಕೊಳ್ಳಿ. ದಿನಗಟ್ಟಲೆ ಪರದೆಯ ಮುಂದೆ ಕೂತು, ಹವಳ, ಸಣ್ಣ ಮೀನು, ಅಲೆಯ ಬೆಳಕು ಮಾತ್ರ ನೋಡಿ, ‘ಸೊನ್ನೆ’ ಎಂದು ಬರೆದವರು ಅವರು. ಆ ಸೊನ್ನೆಗಳು ನನ್ನ ಪ್ರಕಾರ ಇಡೀ ಯೋಜನೆಯ ಅತಿ ಬೆಲೆಬಾಳುವ ಅಂಕಿ. ಇದೆ ಎಂದು ತೋರಿಸಲು ಒಂದು ಫೋಟೊ ಸಾಕು. ಇಲ್ಲ ಎಂದು ತೋರಿಸಲು ಇಷ್ಟು ದುಡಿಯಬೇಕು.

ಈಗ ನಿಮ್ಮ ‘ಶೇ 70’ಕ್ಕೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಪತ್ರಿಕೆಗಳಲ್ಲಿ ಅವು ಕಲಸಿಹೋಗುತ್ತವೆ.

ಒಂದು, 2021ರಲ್ಲಿ ಪ್ರಕಟವಾದದ್ದು. ದಿಬ್ಬಗಳಿಗೂ ಅದಕ್ಕೂ ಸಂಬಂಧ ಕಡಿಮೆ. ನಡುಸಮುದ್ರದಲ್ಲಿ ಅಲೆಯುವ ಶಾರ್ಕ್ ಮತ್ತು ತೊರಕೆಗಳು 1970ರಿಂದ ಈಚೆಗೆ ಶೇ 71ರಷ್ಟು ಕುಸಿದಿವೆ ಎನ್ನುತ್ತದೆ ಆ ಲೆಕ್ಕ. ಅದೇ ಅವಧಿಯಲ್ಲಿ ಅವುಗಳ ಮೇಲಿನ ಮೀನುಗಾರಿಕೆಯ ಒತ್ತಡ 18 ಪಟ್ಟು ಏರಿದೆ. ಇದು ಹಳೆಯ ಮತ್ತು ಹೊಸ ದಾಖಲೆಗಳನ್ನು ಹೋಲಿಸಿ ಮಾಡಿದ್ದು.

ಎರಡನೆಯದು 2023ರದು, ಹವಳದ ದಿಬ್ಬಗಳದ್ದೇ. ಫಿನ್‌ಪ್ರಿಂಟ್‌ನ ವಿಡಿಯೊಗಳಿಂದಲೇ ಬಂದದ್ದು. ದಿಬ್ಬಗಳಲ್ಲಿ ಸಾಮಾನ್ಯವಾಗಿ ಕಾಣುವ ಐದು ಜಾತಿಗಳು, ಅಂದರೆ ಬೂದು ರೀಫ್ ಶಾರ್ಕ್, ಕಪ್ಪುತುದಿ ರೀಫ್ ಶಾರ್ಕ್, ಬಿಳಿತುದಿ ರೀಫ್ ಶಾರ್ಕ್, ನರ್ಸ್ ಶಾರ್ಕ್, ಕೆರಿಬಿಯನ್ ರೀಫ್ ಶಾರ್ಕ್, ಶೇ 60ರಿಂದ 73ರವರೆಗೆ ಕಡಿಮೆಯಾಗಿವೆ ಎಂದಿತು ಅದು. ಆದರೆ ಇಲ್ಲಿ ಹಳೆಯ ಎಣಿಕೆ ಇರಲಿಲ್ಲ. ಐವತ್ತು ವರ್ಷದ ಹಿಂದೆ ಯಾರೂ ಕ್ಯಾಮೆರಾ ಇಳಿಸಿರಲಿಲ್ಲ, ಅಲ್ವಾ? ಅದಕ್ಕೆ ಅವರು ಬೇರೆ ದಾರಿ ಹಿಡಿದರು. ಮನುಷ್ಯರ ಕಾಟ ತೀರಾ ಕಡಿಮೆ ಇರುವ ದಿಬ್ಬಗಳಲ್ಲಿ ಎಷ್ಟು ಶಾರ್ಕ್ ಕಾಣುತ್ತವೆ ಎಂಬುದನ್ನು ಆಧಾರವಾಗಿಟ್ಟುಕೊಂಡು, ಪ್ರತಿ ದಿಬ್ಬದಲ್ಲೂ ಮೀನುಗಾರಿಕೆ ಇಲ್ಲದಿದ್ದರೆ ಎಷ್ಟು ಇರಬೇಕಿತ್ತು ಎಂದು ಅಂದಾಜಿಸಿದರು. ಇರಬೇಕಾದದ್ದಕ್ಕೂ ಇರುವುದಕ್ಕೂ ನಡುವಿನ ಅಂತರವೇ ಆ ಶೇಕಡಾ. ಇದು ಅಂದಾಜು ಎಂಬ ಕಾರಣಕ್ಕೆ ತಳ್ಳಿಹಾಕುವಂಥದ್ದಲ್ಲ. ನೂರಾರು ದಿಬ್ಬಗಳಲ್ಲಿ ಒಂದೇ ಕಥೆ ಕಂಡಿದೆ. ಆದರೂ ಮಕ್ಕಳಿಗೆ ಹೇಳುವಾಗ ‘ಐದು ಜಾತಿ’, ‘ದಿಬ್ಬಗಳಲ್ಲಿ’, ‘ಇರಬೇಕಾದದ್ದಕ್ಕೆ ಹೋಲಿಸಿದರೆ’ ಎಂಬ ಮೂರು ಮಾತನ್ನೂ ಸೇರಿಸಿ ಹೇಳಿ. ಅಂಕಿಯನ್ನು ಅದರ ಷರತ್ತಿನ ಸಮೇತ ಕಲಿಸುವುದೇ ವಿಜ್ಞಾನ ಕಲಿಸುವುದು ಎಂದು ನಾನು ನಂಬಿದ್ದೇನೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಶಾರ್ಕ್ ಕಡಿಮೆಯಾದ ದಿಬ್ಬಗಳಲ್ಲಿ ತೊರಕೆಗಳ ಪಾಲು ಹೆಚ್ಚಾಗುತ್ತದೆ. ತಿನ್ನುವವರಿಲ್ಲ, ಪೈಪೋಟಿ ಇಲ್ಲ. ಆದರೆ ಇದನ್ನು ನೋಡಿ ತೊರಕೆಗಳು ಸುಖವಾಗಿವೆ ಅಂದುಕೊಳ್ಳಬೇಡಿ. ಒತ್ತಡ ಇನ್ನಷ್ಟು ಹೆಚ್ಚಾದರೆ ಅವೂ ಹೋಗುತ್ತವೆ. ಇಡೀ ಗುಂಪನ್ನು ತೆಗೆದುಕೊಂಡರೆ ಶಾರ್ಕ್‌ಗಳಿಗಿಂತ ತೊರಕೆಗಳೇ ಹೆಚ್ಚು ಅಪಾಯದಲ್ಲಿವೆ. ಗಿಟಾರ್ ಆಕಾರದ ದೊಡ್ಡ ತೊರಕೆಗಳ ಎರಡು ಕುಟುಂಬಗಳಲ್ಲಿ 2019ರಲ್ಲಿ ಪರಿಶೀಲಿಸಿದ 16 ಜಾತಿಗಳ ಪೈಕಿ 15 ಅಳಿವಿನ ಕೊನೆಯ ಅಂಚಿನಲ್ಲಿವೆ ಎಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಪಟ್ಟಿ ಮಾಡಿದೆ. ಹುಲಿಗಿಂತ ಹೆಚ್ಚು ಅಪಾಯದ ದರ್ಜೆ ಅದು. ಅವುಗಳ ಹೆಸರು ಕೇಳಿದವರೇ ಕಡಿಮೆ. ನನಗೆ ಅತಿ ಹೆಚ್ಚು ಸಂಕಟ ಕೊಡುವ ವಿಷಯ ಇದು. ಹವಳದ ದಿಬ್ಬಗಳನ್ನು ಆಶ್ರಯಿಸಿದ 134 ಜಾತಿಯ ಶಾರ್ಕ್ ಮತ್ತು ತೊರಕೆಗಳಲ್ಲಿ ಶೇ 59ರಷ್ಟು ಅಳಿವಿನ ಅಪಾಯದಲ್ಲಿವೆ.

ಯಾಕೆ ಹೀಗಾಯಿತು? ಜಾಸ್ತಿ ಹಿಡಿದದ್ದರಿಂದ. ಹವಳ ಬಿಳಿಚಿಕೊಳ್ಳುವುದು, ನೀರು ಬಿಸಿಯಾಗುವುದು ಎಲ್ಲ ಸೇರಿಕೊಳ್ಳುತ್ತವೆ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಗುರುತು ಹಾಕಿದ ಬೂದು ರೀಫ್ ಶಾರ್ಕ್‌ಗಳು ಬಿಸಿಯಿಂದ ಬಳಲಿದ ದಿಬ್ಬಗಳನ್ನು ಬಿಟ್ಟು ದೂರ ಉಳಿದದ್ದು ದಾಖಲಾಗಿದೆ. ಆದರೆ ಮೊದಲ ಕಾರಣ ಬಲೆ ಮತ್ತು ಗಾಳ. ಅದರಲ್ಲಿ ಅನುಮಾನವಿಲ್ಲ.

ಬಂಗಡೆಯನ್ನೂ ಹಿಡಿಯುತ್ತಾರೆ, ಅದು ಮತ್ತೆ ತುಂಬಿಕೊಳ್ಳುತ್ತದೆ. ಶಾರ್ಕ್ ಯಾಕಿಲ್ಲ ಎಂದು ನಿಮ್ಮ ಮಕ್ಕಳು ಕೇಳಬಹುದು. ಇದಕ್ಕೆ ಉತ್ತರ ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ವನ್ಯಧಾಮ 1974ರಲ್ಲಿ ಆದದ್ದು. ಕೃಷ್ಣಮೃಗ ಮತ್ತು ಎರೆಭೂತ ಹಕ್ಕಿ ಅದರ ಎರಡು ಹೆಮ್ಮೆಗಳಾಗಿದ್ದವು. ಕೃಷ್ಣಮೃಗ ಇಂದಿಗೂ ಹಿಂಡುಹಿಂಡಾಗಿ ಇದೆ. ಎರೆಭೂತ ಅಲ್ಲಿಂದ ಮಾಯವಾಗಿದೆ. ಈಗ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಅದು ಕಣ್ಮರೆಯಾಗಲು ಹುಲ್ಲುಗಾವಲು ಹೋದದ್ದು, ಬೇಟೆ ಎಲ್ಲ ಕಾರಣ. ಆದರೆ ಬಿದ್ದ ಪೆಟ್ಟಿನಿಂದ ಮತ್ತೆ ಏಳಲಾಗದ್ದಕ್ಕೆ ಮುಖ್ಯ ಕಾರಣ, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ಶಾರ್ಕ್‌ಗಳ ಬದುಕೂ ಇದೇ ಲೆಕ್ಕದ್ದು.

ಬೂದು ರೀಫ್ ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಏಳೆಂಟು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಬಸಿರು ಸುಮಾರು ಒಂದು ವರ್ಷ. ಹಾಕುವ ಮರಿ ಒಂದರಿಂದ ಆರು. ಕೊಂಬು ತೊರಕೆಗಳ ದೊಡ್ಡ ಜಾತಿಯಾದ ಮಾಂಟಾ ಕೆಲವು ವರ್ಷಗಳಿಗೊಮ್ಮೆ ಒಂದೇ ಮರಿ ಹಾಕುತ್ತದೆ. ಬಂಗಡೆ, ತಾರ್ಲೆಗಳ ಒಂದು ಹೆಣ್ಣು ಸಾವಿರ ಸಾವಿರ ಮೊಟ್ಟೆ ಇಡುತ್ತದೆ, ಒಂದೆರಡು ವರ್ಷದಲ್ಲಿ ಮರಿಗಳೂ ಮೊಟ್ಟೆಗೆ ಬರುತ್ತವೆ. ಒಂದೇ ಬಲೆ ಎರಡನ್ನೂ ಹಿಡಿದರೆ ಯಾವುದು ಮೊದಲು ಮುಗಿಯುತ್ತದೆ ಎಂದು ಹೇಳಬೇಕಾಗಿಲ್ಲ. 2020ರ ಅಕ್ಟೋಬರ್‌ನಲ್ಲಿ ಮಲ್ಪೆಯಲ್ಲಿ ಒಂದೇ ಬೋಟಿಗೆ ಎರಡು ಭಾರಿ ಕೊಂಬು ತೊರಕೆಗಳು ಸಿಕ್ಕವು. ದೊಡ್ಡದು 750 ಕಿಲೋ ತೂಗಿತ್ತು ಎಂದು ಸುದ್ದಿಯಾಗಿತ್ತು. ಕ್ರೇನಿನಿಂದ ಎತ್ತಿದ ಚಿತ್ರವನ್ನು ನೀವೂ ನೋಡಿರಬಹುದು. ಜನರಿಗೆ ಅದು ಬಂಪರ್ ಬೆಳೆಯಂತೆ ಕಂಡಿತು. ಅಷ್ಟು ದೊಡ್ಡದು ಹೆಣ್ಣಾಗಿದ್ದರೆ ಅದರ ಜೊತೆ ಎಷ್ಟು ವರ್ಷಗಳ ಮರಿಗಳು ಹೋದವು ಎಂಬುದು ನನ್ನ ಕಣ್ಣಿಗೆ ಬೀಳುತ್ತದೆ.

ಹಾಗಂತ ಮೀನುಗಾರರನ್ನು ಬೈಯುವುದರಲ್ಲಿ ಅರ್ಥವಿಲ್ಲ. ನಮ್ಮ ಕರಾವಳಿಯಲ್ಲಿ ತಾಟೆ (ಶಾರ್ಕ್), ತೊರಕೆಗಳನ್ನೇ ಹುಡುಕಿಕೊಂಡು ಹೋಗುವವರು ಕಡಿಮೆ. ಹೆಚ್ಚಿನವು ಸಿಗಡಿ, ಬೊಂಡಾಸ, ಬಂಗಡೆಗೆ ಬಿಟ್ಟ ಬಲೆಗೆ ಜೊತೆಯಲ್ಲಿ ಬರುತ್ತವೆ. ಡೀಸೆಲ್ಲಿನ ಖರ್ಚು ಹುಟ್ಟಬೇಕಾದ ಬೋಟಿನವರಿಗೆ ಬಲೆಯಲ್ಲಿ ಬಂದದ್ದೆಲ್ಲ ದುಡ್ಡೇ. ಇದನ್ನು ಒಪ್ಪಿಕೊಳ್ಳದೆ ಮಾಡಿದ ಸಂರಕ್ಷಣೆ ಕಾಗದದ ಮೇಲೇ ಉಳಿಯುತ್ತದೆ.

ನಮ್ಮ ದೇಶದ ಕಾನೂನಿನ ಕಥೆಯಲ್ಲೇ ಇದು ಕಾಣುತ್ತದೆ. 2001ರ ಜುಲೈನಲ್ಲಿ ಸರ್ಕಾರ ಎಲ್ಲ ಶಾರ್ಕ್ ಮತ್ತು ತೊರಕೆಗಳನ್ನು ಒಟ್ಟಿಗೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ, ಅಂದರೆ ಹುಲಿಯ ಸಾಲಿಗೆ, ಸೇರಿಸಿತು. ಮೀನುಗಾರರ ವಿರೋಧ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪಟ್ಟಿಯನ್ನು ತಿಮಿಂಗಿಲ ಶಾರ್ಕ್ ಸೇರಿ ಹತ್ತು ಜಾತಿಗೆ ಇಳಿಸಲಾಯಿತು. 2013ರಲ್ಲಿ ರೆಕ್ಕೆ ಮಾತ್ರ ಕತ್ತರಿಸಿಕೊಂಡು ದೇಹವನ್ನು ಸಮುದ್ರಕ್ಕೆ ಎಸೆಯುವುದನ್ನು ತಡೆಯುವ ನಿಯಮ ಬಂತು. ರೆಕ್ಕೆ ದೇಹಕ್ಕೆ ಅಂಟಿಕೊಂಡೇ ದಡಕ್ಕೆ ಬರಬೇಕು. 2015ರಲ್ಲಿ ರೆಕ್ಕೆಯ ರಫ್ತು ನಿಂತಿತು. 2022ರ ತಿದ್ದುಪಡಿಯಿಂದ ಪಟ್ಟಿ ಮತ್ತೆ ಬೆಳೆಯಿತು. ಇವೆಲ್ಲ ಬೇಕಾದವೇ. ಆದರೆ ನಡುಸಮುದ್ರದಲ್ಲಿ ನಸುಕಿನ ಮೂರಕ್ಕೆ ಬಲೆ ಎಳೆದಾಗ ಅಲ್ಲಿ ಅಧಿಕಾರಿ ಇರುವುದಿಲ್ಲ. 2021ರ ಮಾರ್ಚ್‌ನಲ್ಲಿ ಮಲ್ಪೆಯಲ್ಲೇ ಒಂದು ದೊಡ್ಡ ಗರಗಸ ಮೀನು, ಅಂದರೆ ಗರಗಸದಂಥ ಮೂತಿಯ ತೊರಕೆ, ಬಲೆಗೆ ಬಿದ್ದು ಸುದ್ದಿಯಾಯಿತು. ಆಗ ಅದು ಮೊದಲ ಪಟ್ಟಿಯಲ್ಲಿದ್ದು ಸುಮಾರು ಇಪ್ಪತ್ತು ವರ್ಷವಾಗಿತ್ತು.

ಏನು ಕೆಲಸ ಮಾಡುತ್ತದೆ ಎಂಬುದಕ್ಕೆ ನನಗೆ ಅತಿ ಇಷ್ಟವಾದ ಉದಾಹರಣೆ ಗುಜರಾತಿನದು. ಸೌರಾಷ್ಟ್ರದ ಕರಾವಳಿಯಲ್ಲಿ ಒಂದು ಕಾಲಕ್ಕೆ ತಿಮಿಂಗಿಲ ಶಾರ್ಕ್‌ಗಳನ್ನು ಮಾಂಸಕ್ಕೆ, ದೋಣಿಗೆ ಬಳಿಯುವ ಎಣ್ಣೆಗೆ ಹಿಡಿಯುತ್ತಿದ್ದರು. 2001ರಲ್ಲಿ ನಿಷೇಧ ಬಂತು, ಆದರೆ ಜನರಿಗೆ ವಿಷಯವೇ ಗೊತ್ತಿರಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಒಂದು ಅಭಿಯಾನ ಶುರು ಮಾಡಿತು. ರಾಮಕಥೆ ಹೇಳುವ ಮೊರಾರಿ ಬಾಪು ಅದರ ಜೊತೆ ನಿಂತರು. ಹೆರಿಗೆಗೆ ತವರಿಗೆ ಬರುವ ಮಗಳು ಈ ಮೀನು, ಅವಳನ್ನು ಕೊಲ್ಲಬಹುದೇ ಎಂದು ಅವರು ಜನರನ್ನು ಕೇಳಿದರು. ಅದಕ್ಕೆ ‘ವ್ಹಾಲಿ’, ಅಂದರೆ ಪ್ರೀತಿಯವಳು, ಎಂಬ ಹೆಸರು ಬಂತು. ತವರು ಎಂದರೆ ಏನು ಎಂದು ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕೇ? ಆ ಮಾತು ನಾಟಿತು.

ಆದರೆ ಮಾತೊಂದೇ ಸಾಲುತ್ತಿರಲಿಲ್ಲ. ಶಾರ್ಕ್ ಬಿಡಿಸಲು ಬಲೆ ಕತ್ತರಿಸಿದರೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುವ ವ್ಯವಸ್ಥೆಯಾಯಿತು. ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟು, ಬಿಡಿಸಿದ್ದನ್ನು ಅವರೇ ಚಿತ್ರ ತೆಗೆದು ತೋರಿಸಿದರೆ ಸಾಕು ಎಂದರು. ಅಧಿಕಾರಿ ಬರುವವರೆಗೆ ಕಾಯಬೇಕಾಗಿಲ್ಲ, ಮೀನು ಬೇಗ ನೀರಿಗೆ ಹೋಗುತ್ತದೆ. ಹೀಗೆ 900ಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳು ಬಿಡುಗಡೆಯಾಗಿವೆ. ಮೀನುಗಾರರ ನಷ್ಟ ತುಂಬಿಕೊಟ್ಟರು, ಅವರ ಮಾತು ನಂಬಿದರು, ಗೌರವ ಕೊಟ್ಟರು. ಶಾರ್ಕ್ ಸಂರಕ್ಷಣೆಯ ಕೆಲಸದಲ್ಲಿ ಮುಕ್ಕಾಲು ಪಾಲು ಮನುಷ್ಯರ ಜೊತೆಗಿನ ಕೆಲಸ ಎಂದು ನಾನು ಹೇಳುವುದು ಇದಕ್ಕೇ.

ದಿಬ್ಬಗಳ ವಿಷಯದಲ್ಲಿ ಫಿನ್‌ಪ್ರಿಂಟ್ ಹೇಳಿದ್ದೂ ಇದಕ್ಕೆ ಹತ್ತಿರವಾದದ್ದೇ. ಎಲ್ಲಿ ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಗಿಲ್‌ನೆಟ್ ಬಲೆ ಮತ್ತು ಸಾಲುಗಾಳದ ಲಾಂಗ್‌ಲೈನ್ ಇಲ್ಲವೋ, ಎಲ್ಲಿ ಹಿಡಿಯುವುದಕ್ಕೆ ಮಿತಿ ಇದೆಯೋ, ಎಲ್ಲಿ ದೇಶವೇ ಶಾರ್ಕ್ ಹಿಡಿಯುವುದನ್ನು ನಿಲ್ಲಿಸಿದೆಯೋ ಅಲ್ಲಿ ಶಾರ್ಕ್‌ಗಳು ಹೆಚ್ಚು. ನಮ್ಮ ಲಕ್ಷದ್ವೀಪದ ದಕ್ಷಿಣಕ್ಕಿರುವ ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಮೀನುಗಾರಿಕೆಯನ್ನು ಪೂರ್ತಿ ನಿಲ್ಲಿಸಿತು. ಇಂದು ಅಲ್ಲಿಗೆ ಜನ ಶಾರ್ಕ್ ನೋಡಲಿಕ್ಕೇ ಹೋಗುತ್ತಾರೆ. ಆದರೆ ಮಾಲ್ಡೀವ್ಸ್‌ನ ಮೀನುಗಾರರಿಗೆ ಗಾಳದಿಂದ ಟ್ಯೂನಾ ಹಿಡಿಯುವ ದೊಡ್ಡ ದಾರಿ ಮೊದಲೇ ಇತ್ತು. ಪ್ರವಾಸಿಗರ ದುಡ್ಡೂ ಇತ್ತು. ಅದೇ ನಿಷೇಧವನ್ನು ಮಲ್ಪೆ, ಕಾರವಾರಕ್ಕೆ ತಂದು ಹಚ್ಚಿದರೆ ನಡೆಯುವುದಿಲ್ಲ. ಇಲ್ಲಿ ಬೇಕಾದದ್ದು ಬೇರೆ: ಬಲೆಯನ್ನು ಕಡಿಮೆ ಹೊತ್ತು ಎಳೆಯುವುದು, ಮರಿಗಳು ಹೆಚ್ಚು ಸಿಗುವ ಜಾಗ ಮತ್ತು ತಿಂಗಳುಗಳನ್ನು ಬಿಡುವುದು, ಜೀವಂತ ಬಂದ ಗರಗಸ ಮೀನು, ಗಿಟಾರ್ ತೊರಕೆಗಳನ್ನು ತಕ್ಷಣ ನೀರಿಗೆ ಬಿಡುವುದು, ಬಿಟ್ಟವರಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು. ಜೂನ್ ಮತ್ತು ಜುಲೈನಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ ಇದೆ, ಅದರಿಂದ ಸ್ವಲ್ಪ ಉಸಿರು ಸಿಗುತ್ತದೆ. ಹನ್ನೆರಡು ತಿಂಗಳು ಬಸಿರು ಹೊರುವ ಮೀನಿಗೆ ಎರಡು ತಿಂಗಳ ರಜೆ ಸಾಲದು.

ಈಗ ಹುಬ್ಬಳ್ಳಿ ಮಾರುಕಟ್ಟೆ. ಕಾರವಾರ, ಅಂಕೋಲೆಯಿಂದ ಯಲ್ಲಾಪುರದ ಘಟ್ಟ ಹತ್ತಿ ಬರುವ ಮೀನಿನ ಜೊತೆ ಸಣ್ಣ ಶಾರ್ಕ್‌ಗಳೂ ಬರುತ್ತವೆ. ಕಾರವಾರದ ಕಡೆಯವರು ಮೋರಿ ಅನ್ನುತ್ತಾರೆ. ನೀವು ನೋಡಿದ್ದು ಮರಿಯೇ ಆಗಿರಬೇಕಾಗಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಸ್ಪೇಡ್‌ನೋಸ್ ಎಂಬ ಒಂದು ಸಣ್ಣ ಶಾರ್ಕ್ ತುಂಬ ಸಿಗುತ್ತದೆ. ಮೂತಿ ಸಲಿಕೆಯಂತೆ ಚಪ್ಪಟೆ. ಪೂರ್ತಿ ಬೆಳೆದರೂ ಮುಕ್ಕಾಲು ಮೀಟರ್ ದಾಟುವುದು ಕಷ್ಟ. ಮೊಳದುದ್ದದ್ದು ಅದರಲ್ಲಿ ಆಗಲೇ ತಾಯಿಯಾಗಿರಬಹುದು. ಶಾರ್ಕ್‌ಗಳ ಪೈಕಿ ಇದು ಬೇಗ ಬೆಳೆಯುವ ಜಾತಿ. ಇದನ್ನು ಮಾರುವುದು ಅಪರಾಧವಲ್ಲ. ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿಲ್ಲದ ಯಾವ ಶಾರ್ಕ್ ಮಾರಿದರೂ ಅಪರಾಧವಲ್ಲ.

ಆದರೆ ಅದೇ ಬುಟ್ಟಿಯಲ್ಲಿ, ಅಷ್ಟೇ ಉದ್ದದ, ತಲೆ ಎರಡೂ ಪಕ್ಕಕ್ಕೆ ಸುತ್ತಿಗೆಯಂತೆ ಚಾಚಿದ ಮೀನು ಇದ್ದರೆ ಅದು ನಿಜವಾದ ಮರಿ. ಸುತ್ತಿಗೆ ತಲೆಯ ದೊಡ್ಡ ಜಾತಿಗಳು ಬೆಳೆದರೆ ಎರಡು ಮೂರು ಮೀಟರ್ ಆಗುತ್ತವೆ. ಅವುಗಳಲ್ಲಿ ಒಂದೆರಡು ಅಳಿವಿನ ಕೊನೆಯ ಅಂಚಿನಲ್ಲಿವೆ. ರೆಕ್ಕೆಯ ತುದಿ ಕಪ್ಪಗಿರುವ ಸಣ್ಣವೂ ಬಹಳ ಸಲ ದೊಡ್ಡ ಜಾತಿಗಳ ಮರಿಗಳೇ. ಅಂಥವನ್ನು ಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಾರುವವರ ಜೊತೆ ಜಗಳ ಬೇಡ. ಅವರು ಹಿಡಿದವರಲ್ಲ, ತಂದು ಹೊಟ್ಟೆ ಹೊರೆಯುವವರು. ‘ಇದು ಬೇಡ, ಬಂಗಡೆ ಕೊಡಿ’ ಎಂದರೆ ಸಾಕು. ಗಿರಾಕಿ ಏನು ಕೇಳುತ್ತಾನೆ ಎಂಬುದು ಬಂದರಿನವರೆಗೆ ಮುಟ್ಟುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಕರಾವಳಿಯ ಕೆಲವು ಕಡೆ ಬಾಣಂತಿಗೆ ಎದೆಹಾಲು ಹೆಚ್ಚಲಿ ಎಂದು ಶಾರ್ಕ್ ತಿನ್ನಿಸುವ ರೂಢಿ ಇದೆ. ಘಟ್ಟದ ಮೇಲೂ ಅದು ಬಂದಿದೆ. ಶಾರ್ಕ್ ಬಹುಕಾಲ ಬದುಕುವ, ಬೇರೆ ಮೀನುಗಳನ್ನು ತಿನ್ನುವ ಮೀನು. ಅದರ ಮೈಯಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ. ಪಾದರಸ ಕೂಸಿನ ಮಿದುಳಿನ ಬೆಳವಣಿಗೆಗೆ ಕೆಟ್ಟದ್ದು. ಬಸುರಿಯರು, ಬಾಣಂತಿಯರು, ಸಣ್ಣ ಮಕ್ಕಳು ದೊಡ್ಡ ಶಾರ್ಕ್‌ಗಳ ಮಾಂಸವನ್ನು ತಿನ್ನದೇ ಇರುವುದು ಒಳ್ಳೆಯದು. ತಾರ್ಲೆ, ಬಂಗಡೆಯಲ್ಲಿ ಪೌಷ್ಟಿಕಾಂಶ ಜಾಸ್ತಿ, ಪಾದರಸ ತೀರಾ ಕಡಿಮೆ.

ನಿಮ್ಮ ಕೊನೆಯ ಪ್ರಶ್ನೆ, ಬಯಲುಸೀಮೆಯವರು ಏನು ಮಾಡಬಹುದು. ನಾನು ಧಾರವಾಡದವಳು, ಈ ಪ್ರಶ್ನೆಯನ್ನು ನನಗೂ ಬಹಳ ಜನ ಕೇಳಿದ್ದಾರೆ. ಶಾರ್ಕ್ ಸಂಶೋಧನೆಯ ದೊಡ್ಡ ಪಾಲು ನೀರಿನಲ್ಲಿ ನಡೆಯುವುದೇ ಇಲ್ಲ. ಬೆಳಗಿನ ಜಾವ ಧಕ್ಕೆಯಲ್ಲಿ ಬೋಟು ಖಾಲಿಯಾಗುವಾಗ ಅಳತೆಪಟ್ಟಿ ಹಿಡಿದು ನಿಲ್ಲುವುದು ಒಂದು ಕೆಲಸ. ಜಾತಿ ಯಾವುದು, ಉದ್ದ ಎಷ್ಟು, ಗಂಡೋ ಹೆಣ್ಣೋ, ಬಸಿರೇ, ಯಾವ ಬಲೆಯಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ. ವರ್ಷಗಟ್ಟಲೆ ಹೀಗೆ ಬರೆದಿಟ್ಟರೆ ಮರಿಗಳು ಯಾವ ತಿಂಗಳಲ್ಲಿ, ಎಲ್ಲಿ ಸಿಗುತ್ತವೆ ಎಂಬುದು ತಾನಾಗಿ ಕಾಣುತ್ತದೆ. ಬೆನ್ನುಮೂಳೆಯ ಮಣಿಗಳನ್ನು ತೆಳ್ಳಗೆ ಸೀಳಿ, ಒಳಗಿನ ಉಂಗುರಗಳನ್ನು ಎಣಿಸಿ ವಯಸ್ಸು ಅಂದಾಜಿಸುವುದು ಪ್ರಯೋಗಾಲಯದ ಕೆಲಸ. ಕ್ಯಾಮೆರಾದ ವಿಡಿಯೊ ನೋಡಿ ಎಣಿಸುವುದನ್ನು ಗದಗದ ಒಂದು ಕೋಣೆಯಲ್ಲಿ ಕೂತು ಮಾಡಬಹುದು. ದಿಬ್ಬದ ಬಳಿಯಿಂದ ಕೆಲವು ಲೀಟರ್ ನೀರು ತಂದು, ಸೋಸಿ, ಅದರಲ್ಲಿ ಉಳಿದ ಡಿಎನ್‌ಎ ನೋಡಿ ಯಾವ ಮೀನು ಸುಳಿದಿತ್ತು ಎಂದು ಹೇಳುವ ವಿಧಾನವೂ ಬಂದಿದೆ.

ನಿಮ್ಮ ಮಕ್ಕಳಿಗೆ ತಕ್ಷಣ ಮಾಡಿಸಬಹುದಾದ ಒಂದು ಕೆಲಸ ಇದೆ. ತಿಮಿಂಗಿಲ ಶಾರ್ಕ್‌ನ ಮೈಮೇಲೆ ಬಿಳಿ ಚುಕ್ಕೆಗಳಿವೆ. ಒಂದೊಂದು ಮೀನಿನದೂ ಒಂದೊಂದು ಜೋಡಣೆ. ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳ ಗುಂಪನ್ನು ಹೊಂದಿಸಲು ಮಾಡಿದ ಗಣಿತವನ್ನೇ ಈ ಚುಕ್ಕೆಗಳಿಗೆ ಹೊಂದಿಸಿಕೊಂಡು, ಕಿವಿರಿನ ಹಿಂಭಾಗದ ಫೋಟೊದಿಂದ ಇದು ಹಿಂದೆ ಕಂಡದ್ದೋ ಹೊಸದೋ ಎಂದು ಗುರುತಿಸುತ್ತಾರೆ. ಪ್ರವಾಸಿಗರು ತೆಗೆದ ಫೋಟೊಗಳೂ ಇದಕ್ಕೆ ಸೇರುತ್ತವೆ. ಹೊಟ್ಟೆಯ ಕಪ್ಪು ಕಲೆಗಳಿಂದ ಮಾಂಟಾಗಳನ್ನೂ ಹೀಗೇ ಗುರುತಿಸುತ್ತಾರೆ. ಅಂತರ್ಜಾಲದಲ್ಲಿ ಸಿಗುವ ನಾಲ್ಕಾರು ಫೋಟೊ ಮುದ್ರಿಸಿ, ಯಾವೆರಡು ಒಂದೇ ಮೀನಿನವು ಎಂದು ಮಕ್ಕಳಿಗೆ ಹುಡುಕಲು ಕೊಡಿ. ಹೆಬ್ಬಾತು ಎಣಿಸಿದ ಕಣ್ಣುಗಳಿಗೆ ಇದು ಸುಲಭ.

ಹುಬ್ಬಳ್ಳಿ-ಧಾರವಾಡದಿಂದ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಬರುವವರು ಈಗ ಹೆಚ್ಚು. ದಡದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ಆ ದ್ವೀಪದ ಸುತ್ತ ಹವಳವಿದೆ, ತೊರಕೆಗಳಿವೆ, ಆಗೊಮ್ಮೆ ಈಗೊಮ್ಮೆ ಶಾರ್ಕ್‌ಗಳೂ ಕಾಣುತ್ತವೆ. ಅಂಥವರು ಶಾರ್ಕ್ ಅಥವಾ ತೊರಕೆಯ ಫೋಟೊ ತೆಗೆದಿದ್ದರೆ ದಿನಾಂಕ, ಆಳ ಬರೆದು, ಜನ ತಾವು ಕಂಡ ಜೀವಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣಕ್ಕೆ ಹಾಕಲಿ. ಸುಮ್ನೆ ಫೋನಿನಲ್ಲಿ ಇಟ್ಟುಕೊಂಡರೆ ಯಾರಿಗೂ ಉಪಯೋಗವಿಲ್ಲ. ಶಾರ್ಕ್ ಕಡಿಯುತ್ತದೆ ಎಂಬ ಭಯ ಬೇಡ. ಇಡೀ ಲೋಕದಲ್ಲಿ ಕೆಣಕದೆ ಕಡಿದ ಪ್ರಕರಣಗಳು ವರ್ಷಕ್ಕೆ ನೂರು ಕೂಡ ಆಗುವುದಿಲ್ಲ. ಆದರೆ ತೊರಕೆಯ ಬಾಲದಲ್ಲಿ ಮುಳ್ಳಿರುತ್ತದೆ. ಮರಳಿನ ಮೇಲೆ ಕಾಲೂರಬಾರದು.

ಪ್ರಶ್ನೆ ಕೇಳಿದ ಆ ಹುಡುಗಿಗೆ ಹೀಗೆ ಹೇಳಿ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಲಿ. ಆಮೇಲೆ ಎರಡು ದಾರಿ. ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿ, ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಕಾರವಾರದ ಕೋಡಿಬಾಗದಲ್ಲಿ ನಡೆಸುವ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಎಂಎಸ್ಸಿ ಮಾಡಬಹುದು. ಇಲ್ಲವೇ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ನೇರವಾಗಿ ಪದವಿ ಸೇರಬಹುದು. ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಕಾರವಾರದಲ್ಲೂ ಮಂಗಳೂರಿನಲ್ಲೂ ಇವೆ. ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುವ ಕೆಲಸವನ್ನು ಹತ್ತಿರದಿಂದ ನೋಡಲು ಅದು ಒಳ್ಳೆಯ ಜಾಗ. ಗಣಿತವನ್ನು, ಮುಖ್ಯವಾಗಿ ಸಂಖ್ಯಾಶಾಸ್ತ್ರವನ್ನು, ಬಿಡದೆ ಕಲಿಯಲಿ. ಎಣಿಸಿದ್ದನ್ನು ಅರ್ಥ ಮಾಡಿಕೊಳ್ಳುವುದು ಅದರಿಂದಲೇ. ಈಜು ಬರದಿದ್ದರೆ ಈ ಬೇಸಿಗೆ ರಜೆಯಲ್ಲಿ ದೊಡ್ಡವರ ಜೊತೆಯಲ್ಲಿ ಕಲಿಯಲಿ. ಸ್ಕೂಬಾಕ್ಕೆ ಅವಸರವಿಲ್ಲ, ಅದನ್ನು ಎಂಎಸ್ಸಿ ಹೊತ್ತಿಗೆ ಕಲಿತರೂ ನಡೆಯುತ್ತದೆ. ಅದಕ್ಕಿಂತ ಮೊದಲು ನೀವು ಹುಬ್ಬಳ್ಳಿಗೆ ಹೋದಾಗ ಒಂದು ಸಲ ಅವಳನ್ನೂ ಕರೆದುಕೊಂಡು ಹೋಗಿ. ಮಾರುವವರನ್ನು ಕೇಳಿ ಒಪ್ಪಿಗೆ ಪಡೆದು, ಒಂದು ಶಾರ್ಕ್ ಅನ್ನು ಮಗುಚಿ ನೋಡಲಿ. ಹೊಟ್ಟೆಯ ಕೆಳಗಿನ ರೆಕ್ಕೆಗಳ ಒಳಬದಿಗೆ ಬೆರಳಿನಂಥ ಎರಡು ಕೊಳವೆ ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆದು, ತಲೆಯ ಆಕಾರ ಗೀಚಿಕೊಂಡು, ತಾರೀಖು ಮತ್ತು ಯಾವ ಬಂದರಿನಿಂದ ಬಂತು ಎಂಬುದನ್ನು ಬರೆದುಕೊಳ್ಳಲಿ. ಅದನ್ನು ನನಗೆ ಕಳುಹಿಸಿದರೆ ಜಾತಿ ಯಾವುದೆಂದು ಗುರುತಿಸಿ ಹೇಳುತ್ತೇನೆ.